ನೆರೆ ಕಾಳಜಿ ಕೇಂದ್ರದಲ್ಲಿ ವೈದ್ಯಕೀಯ ಶಿಬಿರ: ಯಾವುದು ಮೊದಲು, ಯಾವುದು ಆಮೇಲೆ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ತುಂಬಿ ಹರಿದ ವರ್ಷ ಬಂತೆಂದರೆ ನನಗೆ ಒಂದೇ ಪ್ರಶ್ನೆ ಹತ್ತಾರು ಜನರಿಂದ ಬರುತ್ತದೆ. "ನಾಳೆ ಬೆಳಿಗ್ಗೆ ಹೊರಡ್ತಿದ್ದೀವಿ, ಯಾವ್ಯಾವ ಮಾತ್ರೆ ತಗೊಂಡು ಹೋಗೋಣ?" ಮಾತ್ರೆಯ ಪಟ್ಟಿ ಕಳಿಸುತ್ತೇನೆ. ವಾರದ ನಂತರ ಅದೇ ಜನ ಫೋನ್ ಮಾಡಿ, ಅರ್ಧ ಡಬ್ಬಿ ಹಾಗೇ ಉಳಿಯಿತು, ಬೇಕಾದದ್ದು ನಮ್ಮ ಹತ್ತಿರ ಇರಲಿಲ್ಲ ಅನ್ನುತ್ತಾರೆ. ತಪ್ಪು ಪಟ್ಟಿಯಲ್ಲಿ ಇರುವುದಿಲ್ಲ, ಕೆಲಸದ ಕ್ರಮದಲ್ಲಿ ಇರುತ್ತದೆ. ಹಾಗಾಗಿ ಈ ಸಲ ಕ್ರಮವನ್ನೇ ಬರೆಯುತ್ತಿದ್ದೇನೆ.

ಇದು ಒಬ್ಬ ನೋಂದಾಯಿತ ವೈದ್ಯರು, ಒಬ್ಬ ನರ್ಸ್, ಏಳೆಂಟು ಸ್ವಯಂಸೇವಕರು ಇರುವ ತಂಡಕ್ಕೆ. ನಿಮ್ಮ ತಂಡದಲ್ಲಿ ವೈದ್ಯರೇ ಇಲ್ಲದಿದ್ದರೆ ಔಷಧಿಯ ಹಂತಗಳನ್ನು ಬಿಟ್ಟುಬಿಡಿ. ಎಣಿಕೆ, ನೀರು, ಓಆರ್‌ಎಸ್ (ಭೇದಿಯಾದವರಿಗೆ ನೀರಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿ) ಮೂರನ್ನು ಸರಿಯಾಗಿ ಮಾಡಿದರೂ ಅರ್ಧಕ್ಕಿಂತ ಜಾಸ್ತಿ ಕೆಲಸ ಆದಂತೆ.

## ಹಂತ 1: ಹೊರಡುವ ಮೊದಲು ಎರಡು ಫೋನ್

ಮೊದಲ ಫೋನ್ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅವರು ಸಿಗದಿದ್ದರೆ ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ. ಯಾವ ಕಾಳಜಿ ಕೇಂದ್ರಕ್ಕೆ (ಮನೆ ಮುಳುಗಿದವರು ಉಳಿದಿರುವ ಶಾಲೆಯಂಥ ಜಾಗ) ಇನ್ನೂ ಯಾರೂ ಹೋಗಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ. ಹೆದ್ದಾರಿ ಪಕ್ಕದ ಶಾಲೆಗೆ ದಿನಕ್ಕೆ ನಾಲ್ಕು ತಂಡ ಬರುತ್ತವೆ. ಹತ್ತು ಕಿಲೋಮೀಟರ್ ಒಳಗಿರುವ ಊರಿಗೆ ಒಂದೂ ಇಲ್ಲ. ಫೋನ್ ಮಾಡದೆ ಹೊರಟವರು ಐದನೇ ತಂಡವಾಗಿ ಹೆದ್ದಾರಿ ಶಾಲೆಗೇ ಹೋಗಿ ನಿಲ್ಲುತ್ತಾರೆ.

ಎರಡನೇ ಫೋನ್ ತಹಶೀಲ್ದಾರ್ ಕಚೇರಿಗೆ ಅಥವಾ ಪಂಚಾಯಿತಿ ಪಿಡಿಒಗೆ. ರಸ್ತೆ ತೆರೆದಿದೆಯಾ, ಸೇತುವೆ ಮೇಲೆ ನೀರಿದೆಯಾ, ಕೇಂದ್ರದಲ್ಲಿ ಕರೆಂಟ್ ಇದೆಯಾ ಎಂದು ಕೇಳಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೂ ಕರೆ ಮಾಡಬಹುದು.

ವೈದ್ಯರ ನೋಂದಣಿ ಸಂಖ್ಯೆ, ತಂಡದವರ ಹೆಸರು, ಎಷ್ಟು ದಿನ ಇರುತ್ತೀರಿ, ಇಷ್ಟನ್ನು ಬರೆದು ಕಳಿಸಿ. "ಒಂದು ದಿನ" ಎಂಬ ಉತ್ತರ ಬಂದರೆ ಹೊರಡುವುದನ್ನೇ ಇನ್ನೊಮ್ಮೆ ಯೋಚಿಸಿ ಎಂದು ನಾನು ಹೇಳುತ್ತೇನೆ. ಕನಿಷ್ಠ ಮೂರು ದಿನ, ಮತ್ತೆ ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಂದು ಭೇಟಿ. ಯಾಕೆ ಎಂಬುದು ಕೊನೆಯ ಹಂತದಲ್ಲಿದೆ.

## ಹಂತ 2: ಗಾಡಿಗೆ ಹಾಕಬೇಕಾದದ್ದು

ಔಷಧಿಗಿಂತ ಮೊದಲು ಈ ಸಾಮಾನು ಹಾಕಿ. ಇವನ್ನೇ ಎಲ್ಲರೂ ಮರೆಯುವುದು.

- ಉದ್ದ ಬುಕ್ಕಿನ ರಿಜಿಸ್ಟರ್ ಎರಡು, ಪೆನ್ನು, ಮಾರ್ಕರ್
- ಒಂದು ಲೀಟರಿನ ಅಳತೆ ಜಗ್ ನಾಲ್ಕು, ಸ್ಟೀಲ್ ಲೋಟ, ಚಮಚ
- ಮುಚ್ಚಳ, ನಲ್ಲಿ ಇರುವ 20 ಲೀಟರ್ ಡ್ರಮ್ ಎರಡು
- ಬ್ಲೀಚಿಂಗ್ ಪುಡಿ (ಸೀಲ್ ಒಡೆಯದ್ದು), ಕ್ಲೋರಿನ್ ಮಾತ್ರೆ, ನೀರಿನ ಕ್ಲೋರಿನ್ ನೋಡುವ ಕಿಟ್
- ಬಿಪಿ ಮಿಷನ್, ಸಕ್ಕರೆ ನೋಡುವ ಗ್ಲುಕೋಮೀಟರ್, ಅದರದೇ ಪರೀಕ್ಷಾ ಪಟ್ಟಿಗಳು, ಥರ್ಮಾಮೀಟರ್, ತೂಕದ ಯಂತ್ರ
- ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬಿ, ವೈದ್ಯಕೀಯ ಕಸಕ್ಕೆ ಹಳದಿ ಚೀಲ
- ಕೈ ತೊಳೆಯುವ ಸೋಪು, ಟಾರ್ಚ್, ಹಗ್ಗ, ಎರಡು ಹಳೆ ಸೀರೆ

ಸೀರೆ ಯಾಕೆ? ತರಗತಿಯ ಮೂಲೆಯಲ್ಲಿ ಹಗ್ಗ ಕಟ್ಟಿ ಸೀರೆ ಇಳಿಬಿಟ್ಟರೆ ಹೆಣ್ಣುಮಕ್ಕಳನ್ನು ಪರೀಕ್ಷಿಸುವ ಕೋಣೆ ಆಯಿತು. ತಂಡದಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಮುಟ್ಟಿನ ಪ್ಯಾಡ್ ಬೇಕು ಎಂದು ಗಂಡಸರ ಹತ್ತಿರ ಯಾರೂ ಕೇಳುವುದಿಲ್ಲ.

ಔಷಧಿಯಲ್ಲಿ ಓಆರ್‌ಎಸ್ ಮತ್ತು ಝಿಂಕ್ ಜಾಸ್ತಿ ಇರಲಿ. ಪ್ಯಾರಾಸಿಟಮಾಲ್, ಸೆಟ್ರಿಜಿನ್, ಕಾಲ್ಬೆರಳ ಸಂದಿಗೆ ಹಚ್ಚುವ ಫಂಗಸ್ ಮುಲಾಮು, ಕಜ್ಜಿಗೆ ಪರ್ಮೆಥ್ರಿನ್, ಪೊವಿಡೋನ್ ಅಯೋಡಿನ್, ಬ್ಯಾಂಡೇಜ್ ಬಟ್ಟೆ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳು. ಆಂಟಿಬಯಾಟಿಕ್ ಎಷ್ಟು ಎಂಬುದನ್ನು ತಂಡದ ವೈದ್ಯರು ನಿರ್ಧರಿಸಲಿ.

ಮನೆಮನೆಯಿಂದ ಉಳಿದ ಮಾತ್ರೆ ಸಂಗ್ರಹಿಸಬೇಡಿ. ವೈದ್ಯರ ಮೇಜಿನ ಮೇಲಿನ ಸ್ಯಾಂಪಲ್ ಕೂಡ ಬೇಡ. ದಾನದ ಔಷಧಿ ತಲುಪುವ ಹೊತ್ತಿಗೆ ಅದರ ಅವಧಿ ಮುಗಿಯಲು ಕನಿಷ್ಠ ಒಂದು ವರ್ಷ ಬಾಕಿ ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. 2004ರ ಸುನಾಮಿಯ ನಂತರ ಇಂಡೋನೇಷ್ಯಾದ ಆಚೆ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ಬಂದು ಬಿತ್ತು. ಅದರಲ್ಲಿ ಬಹುಪಾಲಿನ ಲೇಬಲ್ ಅಲ್ಲಿಯವರಿಗೆ ಓದಲು ಬಾರದ ಭಾಷೆಯಲ್ಲಿತ್ತು. ಆಮೇಲೆ ಅದನ್ನು ವಿಲೇವಾರಿ ಮಾಡುವುದೇ ಇನ್ನೊಂದು ಕೆಲಸ ಆಯಿತು.

## ಹಂತ 3: ಮೊದಲ ಒಂದು ಗಂಟೆ ಎಣಿಕೆ ಮಾತ್ರ

ಇಳಿದ ಕೂಡಲೇ ಮೇಜು ಹಾಕಿ ಡಬ್ಬಿ ಬಿಚ್ಚಬೇಡಿ. ಬಿಚ್ಚಿದರೆ ಸಾಲು ನಿಲ್ಲುತ್ತದೆ. ಸಾಲು ನಿಂತಮೇಲೆ ಬೇರೆ ಯಾವ ಕೆಲಸವೂ ಆಗುವುದಿಲ್ಲ. ಸಾಲಿಗೆ ಬರುವವರು ನಡೆಯಬಲ್ಲವರು. ನಿಮ್ಮ ಅಗತ್ಯ ಜಾಸ್ತಿ ಇರುವವರು ಒಳಗೆ ಚಾಪೆ ಮೇಲೆ ಮಲಗಿರುತ್ತಾರೆ.

ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆಯನ್ನು ಹುಡುಕಿ. ಅವರ ಮನೆಯೂ ಮುಳುಗಿರಬಹುದು. ಊಟ ಆಯಿತಾ ಎಂದು ಕೇಳಿ, ಆಮೇಲೆ ಕೆಲಸದ ಮಾತು. ಅವರ ಜೊತೆ ಪ್ರತಿ ಕೋಣೆಗೆ ಹೋಗಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಿ: ಒಟ್ಟು ಜನ, ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬಾಣಂತಿಯರು, ಒಬ್ಬರೇ ಇರುವ ಮುದುಕರು, ದಿನವೂ ಮಾತ್ರೆ ತಗೊಳ್ಳುವವರು, ಇವತ್ತು ಜ್ವರ ಅಥವಾ ಭೇದಿ ಇರುವವರು.

ಗರ್ಭಿಣಿಯರಲ್ಲಿ ತಾಯಿ ಕಾರ್ಡ್ ಕೇಳಿ, ಹೆರಿಗೆ ದಿನಾಂಕ ನೋಡಿ. ಕಾರ್ಡ್ ನೀರು ಪಾಲಾಗಿದ್ದರೆ ಆಶಾ ಹತ್ತಿರ ಮಾಹಿತಿ ಇರುತ್ತದೆ. ಎರಡು ಮೂರು ವಾರದೊಳಗೆ ದಿನ ತುಂಬುವವರನ್ನು ರಸ್ತೆ ತೆರೆದಿರುವಾಗಲೇ ತಾಲ್ಲೂಕು ಆಸ್ಪತ್ರೆ ಕಡೆ ಕಳಿಸುವ ವ್ಯವಸ್ಥೆ ಮಾಡಿ. ರಾತ್ರಿ ನೋವು ಶುರುವಾದ ಮೇಲೆ ಸೇತುವೆ ಮುಳುಗಿದರೆ ನಿಮ್ಮ ಡಬ್ಬಿಯಲ್ಲಿ ಅದಕ್ಕೆ ಔಷಧಿ ಇಲ್ಲ.

## ಹಂತ 4: ನೀರು ಮತ್ತು ಕಕ್ಕಸು

ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 15 ಲೀಟರ್ ಬೇಕು. 200 ಜನರಿದ್ದರೆ 3,000 ಲೀಟರ್. ಶಾಲೆಯ ಟ್ಯಾಂಕ್ ಎಷ್ಟು ಹಿಡಿಯುತ್ತದೆ, ದಿನಕ್ಕೆ ಎಷ್ಟು ಸಲ ಟ್ಯಾಂಕರ್ ಬರುತ್ತದೆ ಎಂದು ಲೆಕ್ಕ ಹಾಕಿ, ಕಮ್ಮಿ ಇದ್ದರೆ ಪಿಡಿಒಗೆ ಅಂಕಿ ಸಮೇತ ಹೇಳಿ. "ನೀರು ಸಾಲ್ತಾ ಇಲ್ಲ" ಎನ್ನುವುದಕ್ಕಿಂತ "ಇನ್ನೂ 1,200 ಲೀಟರ್ ಬೇಕು" ಎಂದರೆ ಕೆಲಸ ಬೇಗ ಆಗುತ್ತದೆ.

ಬ್ಲೀಚಿಂಗ್ ಹಾಕುವ ಕ್ರಮ ಹೀಗೆ. 1,000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ 5 ಗ್ರಾಂನಿಂದ ಶುರು ಮಾಡಿ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಇನ್ನಷ್ಟು ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ, ಕಲಕಿ, 30 ನಿಮಿಷ ಯಾರೂ ನಲ್ಲಿ ತಿರುಗಿಸದಂತೆ ಒಬ್ಬರನ್ನು ನಿಲ್ಲಿಸಿ. ಆಮೇಲೆ ಕಿಟ್‌ನಲ್ಲಿ ನೋಡಿ. ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಸರಿ. ಬಣ್ಣವೇ ಬಾರದಿದ್ದರೆ ಇನ್ನೂ ಸ್ವಲ್ಪ ಹಾಕಿ, ಮತ್ತೆ ಅರ್ಧ ಗಂಟೆ ಕಾಯಿರಿ. ಟ್ಯಾಂಕ್ ತುಂಬಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಇಲ್ಲಿ ಆಗುವ ತಪ್ಪುಗಳು ಎರಡು. ಬಾಯಿ ತೆರೆದಿಟ್ಟ ಚೀಲದ ಪುಡಿ ಬಳಸುವುದು ಒಂದು. ಅದರಲ್ಲಿ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿದಿರುತ್ತದೆ. ಕೆಂಪು ರಾಡಿ ನೀರಿಗೆ ಹಾಗೇ ಹಾಕುವುದು ಇನ್ನೊಂದು. ಮಣ್ಣೇ ಕ್ಲೋರಿನ್ ತಿಂದುಬಿಡುತ್ತದೆ. ಮೊದಲು ನೀರು ತಿಳಿಯಾಗಲು ಬಿಡಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ. ಕ್ಲೋರಿನ್ ಮಾತ್ರೆಯಾದರೆ ಎಷ್ಟು ಲೀಟರಿಗೆ ಒಂದು ಎಂದು ಪಟ್ಟಿಯ ಮೇಲೆ ಬರೆದಿರುತ್ತದೆ, ಅದನ್ನು ಓದಿ ಹೇಳಿ. ಸುಮ್ನೆ ಪಟ್ಟಿ ಕೊಟ್ಟು ಬಂದರೆ ಜನ ಅದನ್ನು ಜ್ವರದ ಮಾತ್ರೆ ಎಂದು ನುಂಗಿದ್ದೂ ಇದೆ.

ಕಕ್ಕಸು 20 ಜನಕ್ಕೆ ಒಂದು ಇರಬೇಕು. ಮೊದಲ ದಿನಗಳಲ್ಲಿ 50 ಜನಕ್ಕೆ ಒಂದಾದರೂ ಇರಲಿ. ಹೆಣ್ಣುಮಕ್ಕಳದ್ದು ಬೇರೆ ಇರಬೇಕು, ಒಳಗಿನಿಂದ ಚಿಲಕ, ದಾರಿಯಲ್ಲಿ ಬೆಳಕು ಇರಬೇಕು. ಬೆಳಕಿಲ್ಲದ ಕಡೆ ಹೆಂಗಸರು ಸಂಜೆಯಿಂದ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಉರಿಮೂತ್ರದ ತೊಂದರೆ ಮೂರನೇ ದಿನಕ್ಕೆ ಸಾಲಿನಲ್ಲಿ ಕಾಣಿಸುತ್ತದೆ.

## ಹಂತ 5: ಓಆರ್‌ಎಸ್ ಮೂಲೆ

ಇದು ಎಲ್ಲರಿಗೂ ಗೊತ್ತಿರುವ ಕೆಲಸ, ಅಲ್ವಾ? ಜಾಸ್ತಿ ತಪ್ಪಾಗುವುದೂ ಇಲ್ಲೇ.

ಒಂದು ಕಾಳಜಿ ಕೇಂದ್ರದಲ್ಲಿ ನಾವು ಬೆಳಿಗ್ಗೆ ಮನೆಗೆ ಎರಡರಂತೆ ಪ್ಯಾಕೆಟ್ ಹಂಚಿದ್ದೆವು. ಮಧ್ಯಾಹ್ನ ನೋಡಿದರೆ ಒಬ್ಬ ತಾಯಿ ಇಡೀ ಪ್ಯಾಕೆಟ್ಟನ್ನು ಒಂದು ಚಹಾ ಲೋಟದ ನೀರಿಗೆ ಸುರಿದು ಮಗುವಿಗೆ ಕುಡಿಸುತ್ತಿದ್ದಳು. ಮಗು ಮುಖ ತಿರುಗಿಸುತ್ತಿತ್ತು. ತಪ್ಪು ಅವಳದ್ದಲ್ಲ. ಒಂದು ಲೀಟರ್ ಅಳೆಯಲು ಅವಳ ಹತ್ತಿರ ಏನಿತ್ತು? ಪಾತ್ರೆಯೆಲ್ಲ ಹೊಳೆ ಪಾಲಾಗಿತ್ತು. ಉಪ್ಪಿನಂಶ ಅಷ್ಟು ಜಾಸ್ತಿಯಾದರೆ ಮಗುವಿಗೆ ಅಪಾಯ. ಅಂದಿನಿಂದ ಪ್ಯಾಕೆಟ್ ಹಂಚುವುದನ್ನು ಬಿಟ್ಟು ಮೂಲೆ ಹಾಕುತ್ತೇವೆ.

1. ನೆರಳಿನಲ್ಲಿ ಒಂದು ಬೆಂಚು, ಕ್ಲೋರಿನ್ ಮಾಡಿದ ನೀರಿನ ಡ್ರಮ್, ಕೈ ತೊಳೆಯಲು ಸೋಪು ಇಡಿ. ಇಬ್ಬರು ಸ್ವಯಂಸೇವಕರು ಸರದಿಯಲ್ಲಿ ಅಲ್ಲೇ ಕೂರಲಿ.

2. ದೊಡ್ಡ ಪ್ಯಾಕೆಟ್ (20.5 ಗ್ರಾಂ) ಪೂರ್ತಿ ಒಂದು ಲೀಟರಿಗೆ. ಚಿಕ್ಕ ಪ್ಯಾಕೆಟ್ 200 ಮಿಲಿಗೆ. ಎರಡನ್ನೂ ಒಂದೇ ಕಡೆ ಇಡಬೇಡಿ. ಅರ್ಧ ಹಾಕಿ ಅರ್ಧ ಮಡಚಿಡುವುದು ಬೇಡ. ಸಕ್ಕರೆ, ನಿಂಬೆ ಸೇರಿಸಬೇಡಿ, ಬೆರೆಸಿದ ಮೇಲೆ ಕುದಿಸಬೇಡಿ. ಮಾಡಿದ ಹೊತ್ತನ್ನು ಜಗ್ ಮೇಲೆ ಬರೆಯಿರಿ. 24 ಗಂಟೆ ಆದರೆ ಚೆಲ್ಲಿ.

3. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗ 50ರಿಂದ 100 ಮಿಲಿ, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಕುಡಿಯುವಷ್ಟು. ಲೋಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದುಕೊಡಿ. "ನೂರು ಮಿಲಿ" ಅನ್ನುವುದಕ್ಕಿಂತ "ಈ ಗೆರೆ ತನಕ" ಎಂದರೆ ಬೇಗ ತಿಳಿಯುತ್ತದೆ.

4. ವಾಂತಿ ಮಾಡಿದರೆ ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಕೊಡಿ. ಎದೆಹಾಲು, ಊಟ ಮುಂದುವರಿಯಲಿ.

5. ಮಕ್ಕಳಿಗೆ ಝಿಂಕ್ 14 ದಿನ: ಆರು ತಿಂಗಳ ಮೇಲ್ಪಟ್ಟವರಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳಿನವರಿಗೆ 10 ಮಿಲಿಗ್ರಾಂ. ಭೇದಿ ನಿಂತಿತೆಂದು ನಾಲ್ಕನೇ ದಿನಕ್ಕೆ ಬಿಡುತ್ತಾರೆ, 14 ಮಾತ್ರೆಯನ್ನೂ ಒಟ್ಟಿಗೆ ಕೊಟ್ಟು ಎಣಿಸಿ ತೋರಿಸಿ.

ಪ್ಯಾಕೆಟ್ ಮುಗಿದುಹೋದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ತಾತ್ಕಾಲಿಕಕ್ಕೆ ಸಾಕು. ಟೆಟ್ರಾ ಪ್ಯಾಕ್ ಪಾನೀಯಗಳನ್ನು ಓಆರ್‌ಎಸ್ ಎಂದು ಯಾರಾದರೂ ದಾನ ಕೊಟ್ಟರೆ ದೊಡ್ಡವರಿಗೆ ಬಾಯಾರಿಕೆಗೆ ಕೊಡಿ, ಭೇದಿಯ ಮಗುವಿಗೆ ಬೇಡ. ಹಲವುದರಲ್ಲಿ ಸಕ್ಕರೆ ಜಾಸ್ತಿ, ಭೇದಿ ಹೆಚ್ಚುತ್ತದೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಕ್ಕಳ ಕೈಗೆ ಹೋಗಲೇಬಾರದು.

ಎಚ್ಚರಿಕೆಯ ಗುರುತು: ಕಣ್ಣು ಗುಳಿ ಬಿದ್ದಿದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುತ್ತದೆ, ಮಗು ಆತುರದಿಂದ ಕುಡಿಯುತ್ತದೆ ಎಂದರೆ ವೈದ್ಯರ ಮುಂದೆಯೇ ಕೂರಿಸಿ ನಾಲ್ಕು ಗಂಟೆ ಕುಡಿಸಬೇಕು. ಕೇಜಿಗೆ 75 ಮಿಲಿ ಲೆಕ್ಕ, ಅದಕ್ಕೇ ತೂಕದ ಯಂತ್ರ. ಮಗು ಮಂಕಾಗಿ ಕುಡಿಯುವುದನ್ನೇ ಬಿಟ್ಟರೆ ಕಾಯಬೇಡಿ, ಡ್ರಿಪ್ ಬೇಕು, 108 ಕರೆಯಿರಿ. ದೊಡ್ಡವರಿಗೆ ಅಕ್ಕಿ ತೊಳೆದ ನೀರಿನಂತೆ ಭೇದಿ ಹೋಗಿ ಕೆಲವೇ ಗಂಟೆಯಲ್ಲಿ ಸುಸ್ತಾದರೆ ಕಾಲರಾ ಇರಬಹುದು. ಅಂಥ ಒಂದೇ ಕೇಸ್ ಕಂಡರೂ ಆ ಕ್ಷಣವೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

## ಹಂತ 6: ರೋಗಿಗಳ ಸಾಲು

ಈಗ ಮೇಜು ಹಾಕಿ. ಮೊದಲ ಮೇಜಿನಲ್ಲಿ ಹೆಸರು, ವಯಸ್ಸು, ಕೋಣೆ ಸಂಖ್ಯೆ. ಎರಡನೆಯದರಲ್ಲಿ ಜ್ವರ, ಬಿಪಿ, ಸಕ್ಕರೆ. ಮೂರನೆಯದು ವೈದ್ಯರು. ನಾಲ್ಕನೆಯದು ಔಷಧಿ. ಮೊದಲ ಮೇಜಿನಲ್ಲಿ ಕೂತವರು ಸಾಲಿನ ಮೇಲೆ ಕಣ್ಣಿಟ್ಟಿರಬೇಕು. ಏದುಸಿರು ಬಿಡುವವರು, ಮಂಕಾದ ಮಗು, ಎದೆನೋವು ಅನ್ನುವವರು ಇದ್ದರೆ ಸಾಲು ಬಿಡಿಸಿ ಒಳಗೆ ಕರೆತನ್ನಿ.

ಔಷಧಿ ಮೇಜಿನ ಬಗ್ಗೆ ಒಂದು ಅನುಭವ. 2019ರ ಆಗಸ್ಟ್, ಬಾಗಲಕೋಟೆ ಕಡೆಯ ಒಂದು ಶಾಲೆ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಮೂರು ಪಟ್ಟಿ ತೋರಿಸಿದಳು. ಮೂರು ದಿನ ಮೂರು ತಂಡ ಕೊಟ್ಟದ್ದು. ಕಂಪನಿ ಬೇರೆ, ಬಣ್ಣ ಬೇರೆ, ಒಳಗಿನದು ಒಂದೇ: ಪ್ಯಾರಾಸಿಟಮಾಲ್. "ಮೂರೂ ನುಂಗಾಕತ್ತೀನಿ ತಮ್ಮಾ, ಮೈಕೈ ನೋವು ಮಾತ್ರ ಹೋಗವಲ್ದು" ಅಂದಳು. ಮೂರನೇ ತಂಡ ನಮ್ಮದೇ. ಮೊದಲು ಏನು ಕೊಟ್ಟಿದ್ದಾರೆ ಎಂದು ನಾವೂ ಕೇಳಿರಲಿಲ್ಲ.

ಅದಕ್ಕೇ ಈಗ ಮೂರು ನಿಯಮ. "ಯಾರಾದ್ರೂ ಗುಳಿಗಿ ಕೊಟ್ಟಾರೇನು? ತೋರಿಸ್ರಿ" ಎಂದು ಕೇಳದೆ ಕೊಡುವಂತಿಲ್ಲ. ಪ್ರತಿ ಮಾತ್ರೆ ಕಾಗದದ ಕವರಿನಲ್ಲಿ, ಮೇಲೆ ಔಷಧಿಯ ಮೂಲ ಹೆಸರು ಕನ್ನಡದಲ್ಲಿ. 1-0-1 ಎಂದು ಬರೆದರೆ ಓದು ಬಾರದವರಿಗೆ ತಿಳಿಯುವುದಿಲ್ಲ, ಸೂರ್ಯ ಮತ್ತು ಚಂದ್ರನ ಚಿತ್ರ ಬಿಡಿಸಿ. ಕೊಟ್ಟದ್ದನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡಿ, ಮುಂದಿನ ತಂಡ ಯಾವುದೇ ಇರಲಿ ಅದನ್ನು ನೋಡಲಿ.

## ಹಂತ 7: ನಿಂತುಹೋದ ದಿನದ ಮಾತ್ರೆ

ನೆರೆ ಶಿಬಿರ ಎಂದರೆ ನೆಗಡಿ, ಜ್ವರ ಎಂದುಕೊಂಡು ಹೋಗುತ್ತೇವೆ. ಸಾಲಿನಲ್ಲಿ ಜಾಸ್ತಿ ಕಾಣುವುದು ಬಿಪಿ, ಸಕ್ಕರೆ ಕಾಯಿಲೆಯವರು. ಮಾತ್ರೆ ಮನೆಯಲ್ಲಿ ಮುಳುಗಿ ನಾಲ್ಕೈದು ದಿನ ಆಗಿರುತ್ತದೆ.

"ಬಿಳಿ ಸಣ್ಣ ಗುಳಿಗಿ" ಎಂಬ ವಿವರಣೆ ಮೇಲೆ ಊಹಿಸಿ ಕೊಡಬೇಡಿ. ಉಪಕೇಂದ್ರದಲ್ಲಿ ಬಿಪಿ, ಶುಗರ್ ಇರುವವರ ದಾಖಲೆ ಇರುತ್ತದೆ, ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಗೆ ಫೋನ್ ಮಾಡಿ. ಎಷ್ಟೋ ಸಲ ಬೇರೆ ಊರಲ್ಲಿರುವ ಮಗ ವಾಟ್ಸಾಪ್‌ನಲ್ಲಿ ಹಳೆ ಚೀಟಿಯ ಫೋಟೋ ಕಳಿಸುತ್ತಾನೆ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಕೊಡುವ ಮೊದಲು ಹೊಟ್ಟೆಗೆ ಏನು ಬಿದ್ದಿದೆ ಎಂದು ಕೇಳಿ. ಊಟವಿಲ್ಲದೆ ಅದನ್ನು ತಗೊಂಡರೆ ಸಕ್ಕರೆ ಇಳಿದು ಕುಸಿಯುತ್ತಾರೆ. ಕರೆಂಟ್ ಇಲ್ಲದ ಕಡೆ ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಗಡಿಗೆಯಲ್ಲಿ ಇಡಬಹುದು. ನೆರೆ ನೀರಲ್ಲಿ ನೆನೆದ ಮಾತ್ರೆ ಒಣಗಿಸಿ ಕೊಡುವಂತಿಲ್ಲ.

ಮೂರ್ಛೆ ರೋಗ, ಕ್ಷಯ, ಎಚ್‌ಐವಿ ಮಾತ್ರೆಗಳು ಒಂದು ದಿನವೂ ತಪ್ಪಬಾರದು. ಕೊನೆಯ ಎರಡನ್ನು ಯಾರೂ ಸಾಲಿನಲ್ಲಿ ಹೇಳಿಕೊಳ್ಳುವುದಿಲ್ಲ. ಜೋರಾಗಿ ಕೇಳಲೂಬಾರದು. ಸೀರೆ ಪರದೆಯ ಹಿಂದೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ: "ಸರ್ಕಾರಿ ದವಾಖಾನೆಯಿಂದ ತಿಂಗಳಿಗೊಮ್ಮೆ ತರುವ ಮಾತ್ರೆ ಏನಾದರೂ ಇದೆಯಾ?"

## ಹಂತ 8: ಗಾಯ, ಹಾವು, ಇಲಿ ಜ್ವರ

ರಾಡಿಯಲ್ಲಿ ಆದ ಗಾಯವನ್ನು ಸೋಪು, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆದು ಸಡಿಲ ಬಟ್ಟೆ ಕಟ್ಟಿ. ಆತುರದಲ್ಲಿ ಹೊಲಿಗೆ ಹಾಕಿದರೆ ಒಳಗೇ ಕೀವಾಗುತ್ತದೆ. ಧನುರ್ವಾಯು ಚುಚ್ಚುಮದ್ದು ಆರೋಗ್ಯ ಕೇಂದ್ರದ ನರ್ಸ್ ಬಂದು ಹಾಕಲಿ, ಲಸಿಕೆಯ ತಂಪು ಕಾಯುವ ವ್ಯವಸ್ಥೆ ಅವರಲ್ಲಿದೆ. ನಾಯಿ ಕಚ್ಚಿದರೆ 15 ನಿಮಿಷ ಸೋಪು ಹಚ್ಚಿ ತೊಳೆದು ಲಸಿಕೆಗೆ ಕಳಿಸಿ.

ನೀರು ಏರಿದಾಗ ಹಾವುಗಳೂ ಎತ್ತರದ ಜಾಗಕ್ಕೇ ಬರುತ್ತವೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಮೂರೂ ಬೇಡ. ಉಂಗುರ, ಬಳೆ ತೆಗೆಯಿರಿ. ಕಾಲು ಅಲ್ಲಾಡದಂತೆ ಹಲಗೆ ಕಟ್ಟಿ ಮಲಗಿಸಿಯೇ ಸಾಗಿಸಿ. ಕಚ್ಚಿದ ಹೊತ್ತು ಬರೆದಿಡಿ. ಹಾವು ಹುಡುಕಲು ಹೋಗಬೇಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ, ಆದ್ದರಿಂದ ಆರೋಗ್ಯ ಕೇಂದ್ರಕ್ಕೂ ತಿಳಿಸಿ.

ಮನೆ ತೊಳೆಯಲು ರಾಡಿಗೆ ಇಳಿಯುವವರಿಗೆ ಇಲಿ ಜ್ವರದ (ಇಲಿ ಮೂತ್ರ ಬೆರೆತ ನೀರಿನಿಂದ ತಗಲುವ ಲೆಪ್ಟೊಸ್ಪೈರೋಸಿಸ್) ಭಯ. ತಡೆಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿ ಇದೆ. 2018ರ ನೆರೆಯ ನಂತರ ಕೇರಳದಲ್ಲಿ ದೊಡ್ಡ ಪ್ರಮಾಣದಲ್ಲಿ ಕೊಟ್ಟರು. ಆದರೆ ಯಾರಿಗೆ ಕೊಡಬೇಕು ಎಂದು ಆರೋಗ್ಯ ಇಲಾಖೆಯ ವೈದ್ಯರು ಹೇಳಬೇಕು. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನವರಿಗೆ ಬೇಡ. ಊಟವಾದ ಮೇಲೆ ತುಂಬು ಲೋಟ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು.

## ಹಂತ 9: ಹಾಲಿನ ಪುಡಿಗೆ ಬೇಡ ಅನ್ನಿ

ಯಾರಾದರೂ ಒಳ್ಳೆಯ ಮನಸ್ಸಿನಿಂದ ಹಾಲಿನ ಪುಡಿ ಡಬ್ಬ, ನಿಪ್ಪಲ್ ಬಾಟಲಿ ತಂದೇ ತರುತ್ತಾರೆ. ಎಲ್ಲರಿಗೂ ಹಂಚಲು ಬಿಡಬೇಡಿ. ಕೊಳಕು ನೀರು, ತೊಳೆಯದ ಬಾಟಲಿ ಸೇರಿದರೆ ಮಗುವಿಗೆ ಭೇದಿ. 2006ರಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತಾ ಭೂಕಂಪದ ನಂತರ ದಾನದ ಪುಡಿ ಹಾಲು ಸಿಕ್ಕ ಮಕ್ಕಳಲ್ಲಿ ಭೇದಿ ಸಿಗದವರಿಗಿಂತ ಸುಮಾರು ಎರಡು ಪಟ್ಟು ಇತ್ತು. "ಗಾಬರಿಗೆ ಹಾಲು ಬತ್ತಿತು" ಎನ್ನುವ ಬಾಣಂತಿಗೆ ಹೊಟ್ಟೆ ತುಂಬ ಊಟ, ನೀರು, ಕೂರಲು ಮರೆಯಾದ ಜಾಗ ಕೊಡಿ, ಮಗುವನ್ನು ಮತ್ತೆ ಮತ್ತೆ ಎದೆಗೆ ಹಚ್ಚಲು ಹೇಳಿ. ತಾಯಿ ಇಲ್ಲದ ಕೂಸು ಇದ್ದರೆ ಮಾತ್ರ ವೈದ್ಯರ ಸಲಹೆಯಂತೆ ಪುಡಿ ಹಾಲು, ಅದೂ ಲೋಟ ಮತ್ತು ಚಮಚದಲ್ಲಿ.

## ಹಂತ 10: ಹೊರಡುವ ದಿನ ಮತ್ತು ಎರಡನೇ ಭೇಟಿ

ಪ್ರತಿ ಸಂಜೆ ಆ ದಿನದ ಜ್ವರ, ಭೇದಿ, ಕಾಮಾಲೆ ಸಂಖ್ಯೆಯನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿ. ಸೊನ್ನೆ ಇದ್ದರೂ ಸೊನ್ನೆ ಎಂದೇ ಕಳಿಸಿ. ನಿನ್ನೆ ಎರಡಿದ್ದ ಭೇದಿ ಇವತ್ತು ಏಳು ಆದರೆ, ಏಳೂ ಒಂದೇ ನಲ್ಲಿ ಬಳಸುವ ಕೋಣೆಗಳದ್ದಾದರೆ, ಆ ನಲ್ಲಿ ಮುಚ್ಚಿಸಿ. ಕೋಣೆ ಸಂಖ್ಯೆ ಬರೆದುಕೊಂಡದ್ದು ಇದಕ್ಕೇ.

ಹೊರಡುವಾಗ ಸೂಜಿ ಡಬ್ಬಿ, ಹಳದಿ ಚೀಲ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ. ಶಾಲೆಯ ಹಿಂದೆ ಸುಡಬೇಡಿ, ನಾಳೆ ಅಲ್ಲಿ ಮಕ್ಕಳು ಆಡುತ್ತಾರೆ. ಉಳಿದ ಔಷಧಿಯನ್ನು ಎಣಿಸಿ, ಪಟ್ಟಿ ಮಾಡಿ, ಸಹಿ ಹಾಕಿಸಿಕೊಂಡು ಕೊಡಿ. ರಿಜಿಸ್ಟರಿನ ಒಂದು ಪ್ರತಿ ಕೇಂದ್ರದ ವೈದ್ಯರಿಗೆ. ಗರ್ಭಿಣಿಯರ ಪಟ್ಟಿ ಆಶಾ ಕೈಗೆ.

ಎರಡನೇ ಭೇಟಿ ಹತ್ತು ಹನ್ನೆರಡು ದಿನಕ್ಕೆ. ಇಲಿ ಜ್ವರ ಸಾಮಾನ್ಯವಾಗಿ ಸೋಂಕು ತಗುಲಿದ ಐದರಿಂದ ಹದಿನಾಲ್ಕು ದಿನಕ್ಕೆ ಕಾಣಿಸುತ್ತದೆ. ನೀರು ಇಳಿದು ಟೈರು, ಕೊಡದಲ್ಲಿ ನಿಂತ ಮೇಲೆ ಡೆಂಗಿ ಶುರು. ಆ ಹೊತ್ತಿಗೆ ಕಾಳಜಿ ಕೇಂದ್ರ ಖಾಲಿ, ಜನ ಮನೆ ಸೇರಿರುತ್ತಾರೆ, ಕ್ಯಾಮೆರಾದವರೂ ಹೋಗಿರುತ್ತಾರೆ. ಹಾಗಾಗಿ ಶಾಲೆಗಲ್ಲ, ಓಣಿಗೆ ಹೋಗಿ. ಥರ್ಮಾಮೀಟರ್, ಹಳೆ ರಿಜಿಸ್ಟರ್, ಒಂದಷ್ಟು ಓಆರ್‌ಎಸ್ ಸಾಕು. ಮನೆಮನೆಯಲ್ಲಿ ಕೇಳಿ: ಜ್ವರ ಇದೆಯಾ, ಮೀನಖಂಡ ಹಿಡಿದುಕೊಂಡಂತೆ ನೋಯುತ್ತಿದೆಯಾ, ಕಣ್ಣು ಕೆಂಪಗಾಗಿದೆಯಾ ಅಥವಾ ಹಳದಿಯಾಗಿದೆಯಾ, ಮೂತ್ರ ಕಮ್ಮಿಯಾಗಿದೆಯಾ? ಜ್ವರದ ಜೊತೆ ಇದರಲ್ಲಿ ಒಂದಕ್ಕೆ ಹೌದು ಎಂದರೂ ಅವರನ್ನು ನಿಮ್ಮ ಗಾಡಿಯಲ್ಲೇ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ.